19 ಇಂಚಿನ ವೀಲು, 50 ಮಿಮೀ ತಗ್ಗು: ಹಿಡಿತ ಜಾಸ್ತಿ ಆಗತ್ತಾ?

ಪ್ರಶ್ನೆ: ಸರ್, ನಂದು ಫ್ರಂಟ್ ವೀಲ್ ಡ್ರೈವ್ ಟರ್ಬೊ ಹ್ಯಾಚ್‌ಬ್ಯಾಕ್, ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗೂ ಶಾಕೂ ಒಂದೇ ಕಂಬದಲ್ಲಿರೋ ಸಸ್ಪೆನ್ಷನ್). ಈಗ 17 ಇಂಚಿನ ಅಲಾಯ್, 225/45 ಟೈರ್ (225 ಮಿಮೀ ಅಗಲ, ಪಕ್ಕದ ಎತ್ತರ ಅದರ 45%), ರಿಮ್ 7.5 ಇಂಚು ಅಗಲ, ಆಫ್‌ಸೆಟ್ (ರಿಮ್ ಅಗಲದ ಮಧ್ಯದಿಂದ ಅದು ಹಬ್ಬಿಗೆ ಕೂರೋ ಜಾಗಕ್ಕಿರೋ ದೂರ) 45 ಮಿಮೀ. ಇದನ್ನ 19ಕ್ಕೆ ಏರಿಸಿ, ಬರೀ ಸ್ಪ್ರಿಂಗ್ ಬದಲಾಯಿಸಿ ಕಾರನ್ನ 50 ಮಿಮೀ ತಗ್ಗಿಸ್ಬೇಕು ಅಂತಿದೀನಿ, ಶಾಕ್ ಅಬ್ಸಾರ್ಬರ್ ಕಂಪನೀದೇ ಇರ್ಲಿ ಅಂತ. ಲುಕ್ಕೂ ಬೇಕು, ಕಾರ್ನರಲ್ಲಿ ಹಿಡಿತಾನೂ ಬೇಕು. ಸರಿ ಹೋಗತ್ತಾ?

ಉತ್ತರ: ಲುಕ್ ಬರತ್ತೆ, ಹಿಡಿತ ಬರಲ್ಲ, ಇರೋದೂ ಕಮ್ಮಿ ಆಗ್ಬಹುದು. ದಯವಿಟ್ಟು 18ಕ್ಕೆ ನಿಲ್ಸಿ, ತಗ್ಗಿಸೋದು 25 ಮಿಮೀ ದಾಟ್ಬೇಡಿ.

225/40 ಆರ್18 ಹಾಕಿದ್ರೆ ಟೈರಿನ ಒಟ್ಟು ಎತ್ತರ 634ರಿಂದ 637 ಮಿಮೀ ಆಗತ್ತೆ, ಸ್ಪೀಡೋಮೀಟರ್‌ಗೆ ಅದೇನೂ ಲೆಕ್ಕಕ್ಕಿಲ್ಲ. ಸೈಡ್‌ವಾಲ್ (ರಿಮ್ಮಿಂದ ಆಚೆ ಕಾಣೋ ಟೈರಿನ ಪಕ್ಕದ ರಬ್ಬರ್) ಎತ್ತರ 101ರಿಂದ 90 ಮಿಮೀಗೆ ಇಳಿಯತ್ತೆ, 19ಕ್ಕೆ ಹೋದ್ರೆ ಸುಮಾರು 79, ಒಂದು ಗುಂಡಿ ಸಾಕು ರಿಮ್ ಬೆಂಡ್ ಆಗೋಕೆ. ಕೊಳ್ಳೋ ಮುಂಚೆ ವೀಲಿನ ತೂಕ ಕೇಳಿ, ಯಾಕಂದ್ರೆ ಭಾರದ ವೀಲು ಉಬ್ಬುತಗ್ಗಿನ ಮೇಲೆ ರಸ್ತೆ ಬಿಟ್ಟು ಹಾರತ್ತೆ, ಪಿಕಪ್ಪು ಬ್ರೇಕು ಎರಡಕ್ಕೂ ಹೊರೆ. ಅಗಲ 8.5 ಮಾಡಿ ಆಫ್‌ಸೆಟ್ 35 ತಗೊಂಡ್ರೆ ವೀಲಿನ ಹೊರ ಅಂಚು ಸುಮಾರು 23 ಮಿಮೀ ಆಚೆ ಬರತ್ತೆ, ಫೆಂಡರ್‌ಗೆ ಉಜ್ಜೋದು ಇಲ್ಲೇ ಶುರು. ಟೈರಿನ ಲೋಡ್ ಇಂಡೆಕ್ಸ್ (ಎಷ್ಟು ಭಾರ ಹೊರತ್ತೆ ಅನ್ನೋ ನಂಬರ್) ಈಗಿರೋದಕ್ಕಿಂತ ಕಮ್ಮಿ ಇರ್ಬಾರ್ದು.

ನನಗೆ ನಿಜವಾಗ್ಲೂ ಚಿಂತೆ ಆಗಿದ್ದು ಆ 50 ಮಿಮೀ ಓದಿ. ಅಷ್ಟು ತಗ್ಗಿಸಿದ್ರೆ ಮುಂದಿನ ಲೋಯರ್ ಆರ್ಮ್‌ನ (ವೀಲನ್ನ ಕೆಳಗಿಂದ ಬಾಡಿಗೆ ಸೇರಿಸೋ ತೋಳು) ವೀಲ್ ಕಡೆ ತುದಿ ಮೇಲೆದ್ದು ಕೂರತ್ತೆ, ಆಮೇಲೆ ಕಾರ್ನರಲ್ಲಿ ಬಾಡಿ ವಾಲಿದಾಗ ಹೊರಗಿನ ಟೈರಿಗೆ ಸಿಗ್ಬೇಕಾದ ನೆಗೆಟಿವ್ ಕ್ಯಾಂಬರ್ (ಟೈರಿನ ಮೇಲ್ಭಾಗ ಒಳಗೆ ವಾಲಿರೋದು) ಸಿಗೋ ಬದ್ಲು ಕಳ್ದೋಗತ್ತೆ, ಜೊತೆಗೆ ರೋಲ್ ಸೆಂಟರ್ (ಬಾಡಿ ಯಾವ ಬಿಂದುವಿನ ಸುತ್ತ ವಾಲತ್ತೋ ಅದು) ಕಾರಿನ ಭಾರಕೇಂದ್ರಕ್ಕಿಂತ ಜಾಸ್ತಿ ಕೆಳಗಿಳಿಯೋದ್ರಿಂದ ಕಾರು ಇನ್ನೂ ವಾಲೋಕೆ ನೋಡತ್ತೆ. ಕಂಪನಿ ಶಾಕ್‌ನಲ್ಲಿ ಉಳಿಯೋ ಟ್ರಾವೆಲ್ಲೂ (ಅದು ಒಳಗೆ ಕುಗ್ಗೋಕಿರೋ ಜಾಗ) ಸ್ವಲ್ಪಾನೇ. ಅದು ಮುಗಿದು ಬಂಪ್ ಸ್ಟಾಪಿಗೆ (ಕೊನೇಲಿ ತಡೆಯೋ ರಬ್ಬರ್) ತಾಕಿದ ಕ್ಷಣ ಮುಂದಿನ ಟೈರು ಜಾರತ್ತೆ, ಸ್ಟೇರಿಂಗ್ ಎಷ್ಟು ತಿರುಗಿಸಿದ್ರೂ ಮೂಗು ಆಚೆಗೇ ಹೋಗತ್ತೆ, ಅದೂ ನೀವು ಜೋರಾಗಿ ಓಡಿಸ್ತಿರೋವಾಗ್ಲೇ. ಅದಕ್ಕೇ ಸ್ಪ್ರಿಂಗಿಗೆ ತಕ್ಕ ಶಾಕ್ ಇರೋ ಪೂರ್ತಿ ಕಿಟ್ಟೇ ಹಾಕ್ಸಿ.

ಎಲ್ಲಾ ಒಟ್ಟಿಗೆ ಮಾಡೋಕಾಗ್ದಿದ್ರೆ ಈಗಿನ 17ಕ್ಕೇ ಒಳ್ಳೇ ಗ್ರಿಪ್ ಇರೋ ಟೈರ್ ಹಾಕ್ಸಿ ಮೊದ್ಲು, ವ್ಯತ್ಯಾಸ ಅಲ್ಲೇ ಗೊತ್ತಾಗತ್ತೆ. ಕಿಟ್ ಹಾಕ್ಸಿದ್ಮೇಲೆ ಸ್ಪ್ರಿಂಗ್ ಕೂರೋಕೆ ಸ್ವಲ್ಪ ದಿನ ಬಿಟ್ಟು ಇನ್ನೊಂದ್ಸಲ ಅಲೈನ್‌ಮೆಂಟ್ ಮಾಡಿಸ್ಬೇಕು, ಟೋ (ಮೇಲಿಂದ ನೋಡಿದ್ರೆ ವೀಲುಗಳು ಒಳಗೋ ಹೊರಗೋ ತಿರುಗಿರೋ ಕೋನ) ತಪ್ಪಿದ್ರೆ ಟೈರಿನ ಒಳ ಅಂಚು ಬೇಗ ಸವೆಯತ್ತೆ, ಹೊರಗಿಂದ ಕಾಣೋದೂ ಇಲ್ಲ. ಹೆಡ್‌ಲೈಟ್ ಮಟ್ಟಾನೂ ನೋಡಿಸ್ಕೊಳ್ಳಿ.