ಹಳೇ ಸಿಲಿಕಾನ್ ಮೇಲೆ ಹೊಸ ಸಿಲಿಕಾನ್ ಯಾಕೆ ನಿಲ್ಲಲ್ಲ?

ಪ್ರಶ್ನೆ: ಸರ್, ವಾಶ್ ಬೇಸಿನ್‌ಗೂ ಗೋಡೆ ಟೈಲ್ಸ್‌ಗೂ ಮಧ್ಯೆ ಇರೋ ಸಂದಿಗೆ ಸಿಲಿಕಾನ್ ಹಾಕ್ಸಿದ್ವಿ, ಒಂದೇ ವರ್ಷಕ್ಕೆ ಕಪ್ಪಾಗಿ ಅಂಚು ಬಿಟ್ಕೊಳ್ತು. ಅದ್ರ ಮೇಲೇ ನಾನೇ ಇನ್ನೊಂದು ಸಲ ಎಳೆದೆ, ಎರಡು ತಿಂಗಳಿಗೆ ರಿಬ್ಬನ್ ಥರ ಕಿತ್ತು ಬಂತು. ಟ್ಯೂಬ್ ಹಳೇದಿತ್ತಾ?

ಉತ್ತರ: ಇಲ್ಲ, ಟ್ಯೂಬ್ ಸರಿಯಾಗೇ ಇತ್ತು. ಅವಧಿ ಮೀರಿದ ಸಿಲಿಕಾನ್ ಆಗಿದ್ರೆ ಗಟ್ಟಿಯಾಗ್ದೇ ಅಂಟಂಟಾಗೇ ಉಳೀತಿತ್ತು, ನಿಮ್ಮದು ರಬ್ಬರ್ ಪಟ್ಟಿಯಾಗಿ ಎದ್ದು ಬಂದಿದೆ, ಅಂದ್ರೆ ಅದಕ್ಕೆ ಹಿಡ್ಕೊಳ್ಳೋಕೆ ಜಾಗ ಸಿಕ್ಕಿಲ್ಲ ಅಷ್ಟೇ. ಒಂದ್ಸಲ ಗಟ್ಟಿಯಾದ ಸಿಲಿಕಾನ್ ಮೇಲೆ ಪೇಂಟ್ ನಿಲ್ಲಲ್ಲ, ಬೇರೆ ಗಮ್ ನಿಲ್ಲಲ್ಲ, ಹೊಸ ಸಿಲಿಕಾನೂ ನೆಚ್ಚೋ ಹಾಗೆ ಹಿಡಿಯಲ್ಲ. ಹಾಗಾಗಿ ಹಳೇದನ್ನ ಪೂರ್ತಿ ತೆಗೀಲೇಬೇಕು, ಬ್ಲೇಡಲ್ಲಿ ಎರಡೂ ಅಂಚು ಕೊಯ್ದು ಎಳೀರಿ, ಆಮೇಲೆ ಟೈಲ್ ಮೇಲೆ ಉಳ್ಕೊಳ್ಳೋ ತೆಳು ಪೊರೆ ಇದೆಯಲ್ಲ, ಕಣ್ಣಿಗೆ ಕಾಣಲ್ಲ, ಬೆರಳಿಟ್ಟು ಉಜ್ಜಿದ್ರೆ ಗೊತ್ತಾಗುತ್ತೆ, ಅದನ್ನ ಕೆರೆದು ಸ್ಪಿರಿಟ್‌ನಲ್ಲಿ ಒರೆಸಿ. ಕಪ್ಪಾಗಿರೋದು ಬೂಷ್ಟು, ಅದನ್ನ ತೊಳೆದು ಸಂದಿ ಒಣಗೋಕೆ ಒಂದಿಡೀ ದಿನ ಬಿಡಿ. ಈ ಕೆಲಸಕ್ಕೆ ಹಿಡಿಯೋ ಟೈಮ್ ನೋಡಿ ಬೇಜಾರಾಗ್ಬೇಡಿ, ಸಿಲಿಕಾನ್ ಎಳೆಯೋದು ಐದೇ ನಿಮಿಷದ್ದು, ನಿಲ್ಲೋದು ಬಿಡೋದು ಈ ಕೆರೆಯೋದ್ರಲ್ಲೇ ಇದೆ.

ಕೊಳ್ಳುವಾಗ ಸ್ಯಾನಿಟರಿ ಗ್ರೇಡ್ ಕೇಳಿ, ಬೂಷ್ಟು ತಡೆಯೋ ಔಷಧಿ ಅದ್ರಲ್ಲಿ ಸೇರಿರುತ್ತೆ. ವಿನಿಗರ್ ಥರ ವಾಸನೆ ಬರೋದು ಅಸಿಟಿಕ್ ಸಿಲಿಕಾನ್, ಗಾಜಿಗೆ, ಗ್ಲೇಜ್ ಇರೋ ಟೈಲ್‌ಗೆ ಚೆನ್ನಾಗಿದೆ. ಆದ್ರೆ ನಿಮ್ಮ ಕಟ್ಟೆ ಮಾರ್ಬಲ್ ಆಗಿದ್ರೆ ದಯವಿಟ್ಟು ಅದನ್ನ ಮುಟ್ಟಬೇಡಿ, ಆ ಆಮ್ಲ ಕಲ್ಲನ್ನ ತಿನ್ನುತ್ತೆ, ತಾಮ್ರಕ್ಕೂ ಕಿಲುಬು ಹಿಡಿಸುತ್ತೆ. ಅಂಥ ಕಡೆ ಆಮ್ಲ ಬಿಡದ ನ್ಯೂಟ್ರಲ್ ಸಿಲಿಕಾನೇ ಬೇಕು.

ಸಂದಿ ಆಳವಾಗಿದ್ರೆ ತಳದ ತನಕ ತುಂಬಬೇಡಿ, ಮೊದಲು ಫೋಮ್ ರಾಡ್, ಅಂದ್ರೆ ಸ್ಪಂಜಿನಂಥ ಮೆತ್ತನೆ ಕೋಲು, ತುರುಕಿ. ಸಿಲಿಕಾನ್ ಎರಡು ಪಕ್ಕ ಮಾತ್ರ ಹಿಡ್ಕೊಂಡಿರಬೇಕು, ಆಗ ಬೇಸಿನ್ ಸ್ವಲ್ಪ ಅಲುಗಿದ್ರೂ ರಬ್ಬರ್ ಬ್ಯಾಂಡ್ ಥರ ಹಿಗ್ಗುತ್ತೆ, ತಳಕ್ಕೂ ಅಂಟಿದ್ರೆ ಹಿಗ್ಗೋಕೆ ಆಗ್ದೆ ಹರಿಯುತ್ತೆ. ಹಾಕಿ ಕೆಲವೇ ನಿಮಿಷದಲ್ಲಿ ಮೇಲೆ ಚರ್ಮ ಕಟ್ಟುತ್ತೆ, ಅಷ್ಟ್ರೊಳಗೆ ಬೆರಳಾಡಿಸಿ ಸಮ ಮಾಡಿ, ಅಂಚಿಗೆ ಮಾಸ್ಕಿಂಗ್ ಟೇಪ್ ಅಂಟಿಸಿದ್ರೆ ಅದನ್ನೂ ಆಗ್ಲೇ ತೆಗೀರಿ. ಇದು ಗಾಳಿಯಲ್ಲಿರೋ ತೇವ ಹೀರ್ಕೊಂಡು ಹೊರಗಿಂದ ಒಳಕ್ಕೆ ಗಟ್ಟಿಯಾಗೋದು, ದಿನಕ್ಕೆ ಸುಮಾರು 2-3 ಮಿ.ಮೀ. ಮಾತ್ರ, ಅದಕ್ಕೇ 24 ಗಂಟೆ ನೀರು ಬೀಳಿಸಬೇಡಿ.

ಪ್ರಶ್ನೆ: ಮರದ ಕುರ್ಚಿ ಕಾಲು ಅಲ್ಲಾಡ್ತಿತ್ತು, ಸೂಪರ್ ಗ್ಲೂ ಸುರಿದೆ, ವಾರಕ್ಕೇ ಬಿಟ್ಕೊಂಡಿತು. ಇನ್ನೂ ಜಾಸ್ತಿ ಹಾಕ್ಬೇಕಿತ್ತಾ ಮೇಡಂ?

ಉತ್ತರ: ಕಮ್ಮಿ ಹಾಕಿದಷ್ಟೂ ಗಟ್ಟಿ ಅದು. ಎರಡು ಮೈ ಒಂದಕ್ಕೊಂದು ಒತ್ತಿ ಕೂತಿರೋ ಕಡೆ ತೆಳ್ಳಗೆ ಹಾಕಿದ್ರೆ ಮಾತ್ರ ಸೂಪರ್ ಗ್ಲೂ ಕೆಲಸ ಮಾಡುತ್ತೆ, ಗ್ಯಾಪ್ ತುಂಬಲ್ಲ, ಗಟ್ಟಿಯಾದ್ಮೇಲೆ ಪೆಡಸು ಬೇರೆ, ಕುರ್ಚಿ ಅಲುಗಾಡಿದ್ರೆ ಚಟ್ ಅಂತ ಬಿಡುತ್ತೆ. ಕಾಲನ್ನ ಬಿಚ್ಚಿ, ಹಳೇ ಗಮ್ಮನ್ನೆಲ್ಲ ಮರ ಕಾಣೋ ತನಕ ಕೆರೆದು ಬಿಳಿ ವುಡ್ ಗ್ಲೂ ಹಚ್ಚಿ, ಕ್ಲಾಂಪೋ ಹಗ್ಗವೋ ಬಿಗಿದು ರಾತ್ರಿಯಿಡೀ ಬಿಡಿ. ತೂತು ಅಗಲವಾಗಿ ಕಾಲು ಲೊಡ ಲೊಡ ಅಂತಿದ್ರೆ ಎರಡು ಭಾಗ ಕಲಸಿ ಹಚ್ಚೋ ಎಪಾಕ್ಸಿ ಗಮ್ ವಾಸಿ, ಅದ್ರ ರಾಳ, ಹಾರ್ಡನರ್ ಎರಡನ್ನೂ ಪ್ಯಾಕ್ ಮೇಲೆ ಹೇಳಿರೋ ಅಳತೆಗೇ ಕಲಸಿ. ಬೇಗ ಗಟ್ಟಿಯಾಗ್ಲಿ ಅಂತ ಹಾರ್ಡನರ್ ಜಾಸ್ತಿ ಹಾಕೋರು ತುಂಬಾ ಜನ, ಹಾಗೆ ಮಾಡಿದ್ರೆ ಅದು ಮೆತ್ತಗೇ ಉಳಿಯುತ್ತೆ.