ಕೊಟ್ಟಿಗೆಯಲ್ಲಿ ನಿಂತ ಕಾರು, ಟ್ಯಾಂಕಿನಲ್ಲಿ ಹಳೇ ಪೆಟ್ರೋಲ್

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಕುಮಟಾ ಹತ್ತಿರದ ಹಳ್ಳಿಯವಳು. ಯಜಮಾನರು ತೀರಿಕೊಂಡ ಮೇಲೆ ನಮ್ಮ 2013ರ ಆಲ್ಟೊ ಎರಡು ವರ್ಷದಿಂದ ಹಳೇ ಕೊಟ್ಟಿಗೆಯಲ್ಲಿ ನಿಂತೇ ಇದೆ. ಟ್ಯಾಂಕಿನಲ್ಲಿ ಅರ್ಧದಷ್ಟು ಪೆಟ್ರೋಲ್ ಇದೆ. ಈಗ ಮಗಳು ಊರಿಗೇ ಬಂದಿದ್ದಾಳೆ, ಓಡಾಟಕ್ಕೆ ಕಾರು ಬೇಕು. ಮೇಲೆ ಐದು ಲೀಟರ್ ಹೊಸದು ಹಾಕಿ ಸ್ಟಾರ್ಟ್ ಮಾಡಿದರೆ ಸಾಕು ಎಂದು ಪಕ್ಕದ ಮನೆಯ ಹುಡುಗ ಹೇಳುತ್ತಾನೆ. ಹಾಗೆ ಮಾಡಬಹುದೇ? ತೆಗೆಯಲೇಬೇಕು ಎಂದಾದರೆ ಆ ಪೆಟ್ರೋಲನ್ನು ಬಚ್ಚಲ ಒಲೆಗಾದರೂ ಬಳಸಬಹುದೇ?

ಉತ್ತರ: ಅಕ್ಕೋರೇ, ಸ್ಟಾರ್ಟ್ ಮಾಡುವುದಿರಲಿ, ಕೀಯನ್ನು ಆನ್‌ಗೂ ತಿರುಗಿಸಬೇಡಿ. ಕೀ ಆನ್ ಮಾಡಿದಾಗ ಹಿಂದಿನ ಸೀಟಿನ ಕಡೆಯಿಂದ ಗುಂಯ್ ಅಂತ ಎರಡು ಸೆಕೆಂಡ್ ಸದ್ದು ಬರುತ್ತದೆ, ಗಮನಿಸಿದ್ದೀರಾ? ಅದು ಟ್ಯಾಂಕಿನೊಳಗಿನ ಪಂಪು. ಅಷ್ಟರಲ್ಲೇ ಅದು ತಳದಲ್ಲಿದ್ದದ್ದನ್ನು ಎಳೆದು ಎಂಜಿನ್ ಕಡೆಗೆ ಒತ್ತಿರುತ್ತದೆ.

ಆ ಹುಡುಗನ ಲೆಕ್ಕವನ್ನು ನಾನೂ ಒಮ್ಮೆ ಹಾಕಿದ್ದೆ. ಶಿರಸಿಯಲ್ಲಿ ಗ್ಯಾರೇಜ್ ಇಟ್ಟ ಹೊಸತು. ಭಾವನ ವ್ಯಾನು ಒಂದೂವರೆ ವರ್ಷ ನಿಂತಿತ್ತು. ಹೊಸ ಪೆಟ್ರೋಲ್ ಸುರಿದೆವು, ಸ್ಟಾರ್ಟ್ ಆಯಿತು. ಮೀಸೆ ತಿರುವಿಕೊಂಡು ಕುಮಟಾಕ್ಕೆ ಹೋದೆವು. ಘಟ್ಟ ಇಳಿಯುವಾಗ ಏನೂ ಗೊತ್ತಾಗಲಿಲ್ಲ. ವಾಪಸು ದೇವಿಮನೆ ಘಟ್ಟ ಹತ್ತುವಾಗ ಒಂದು ತಿರುವಿನಲ್ಲಿ ಕೆಮ್ಮಿತು, ಎಳೆಯಿತು, ನಿಂತಿತು. ಮಳೆ ಬೇರೆ. ಫಿಲ್ಟರ್ ಬಿಚ್ಚಿ ನೋಡಿದರೆ ಒಳಗೆ ಜೋನಿ ಬೆಲ್ಲದ ಹಾಗೆ ಕಂದು ಅಂಟು. ಭಾವ ಇವತ್ತಿಗೂ ಮದುವೆ ಮುಂಜಿಯಲ್ಲಿ ನಾಲ್ಕು ಜನರ ಎದುರು ಆ ಕಥೆ ತೆಗೆಯುತ್ತಾನೆ.

ಆ ಅಂಟು ಪೆಟ್ರೋಲಿನದ್ದೇ. ಅದರಲ್ಲಿ ಬೇಗ ಹೊತ್ತಿಕೊಳ್ಳುವ ಹಗುರ ಭಾಗ ಮೊದಲು ಆವಿಯಾಗಿ ಹೋಗುತ್ತದೆ. ಉಳಿದದ್ದು ಗಾಳಿ ತಾಗಿ ನಿಧಾನಕ್ಕೆ ಅಂಟಾಗುತ್ತದೆ. ಈಗಿನ ಪೆಟ್ರೋಲಿಗೆ ಇನ್ನೊಂದು ತಕರಾರು ಸೇರಿದೆ, ಎಥೆನಾಲ್. ಅದು ನೀರನ್ನು ಎಳೆದುಕೊಳ್ಳುತ್ತದೆ. ನಮ್ಮ ಕರಾವಳಿಯ ಮಳೆಗಾಲ ಗೊತ್ತಲ್ಲ, ಕಪಾಟಿನಲ್ಲಿಟ್ಟ ಚಪ್ಪಲಿಗೂ ಬೂಸ್ಟು ಬರುತ್ತದೆ. ಅರ್ಧ ಖಾಲಿ ಟ್ಯಾಂಕಿನೊಳಗೂ ಅದೇ ಗಾಳಿ. ನೀರು ಜಾಸ್ತಿಯಾದರೆ ಎಥೆನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ತಳಕ್ಕೆ ಇಳಿಯುತ್ತದೆ. ಪಂಪು ಎಳೆಯುವುದೂ ತಳದಿಂದಲೇ. ಮೇಲೆ ಐದು ಲೀಟರ್ ಹೊಸದು ಸುರಿದರೆ ತಳದ ನೀರು ಎಲ್ಲಿಗೂ ಹೋಗುವುದಿಲ್ಲ.

ಮೆಕ್ಯಾನಿಕ್‌ನನ್ನು ಮನೆಗೇ ಕರೆಸಿ. ಬ್ಯಾಟರಿ ವಯರ್ ಬಿಚ್ಚಿ, ಕಾರನ್ನು ಅಂಗಳಕ್ಕೆ ತಳ್ಳಿಸಿ. ಒಲೆ, ಬೀಡಿ, ಮೊಬೈಲ್ ಚಾರ್ಜರ್ ಯಾವುದೂ ಹತ್ತಿರ ಬೇಡ. ಮೊದಲು ಟ್ಯಾಂಕಿನ ತಳದಿಂದ ಒಂದಿಷ್ಟನ್ನು ಗಾಜಿನ ಬಾಟಲಿಗೆ ತೆಗೆದು ಅರ್ಧ ಗಂಟೆ ಇಡಲಿ. ನೀವೇ ಬೆಳಕಿಗೆ ಹಿಡಿದು ನೋಡಿ. ಹಾಲು ಹಾಕದ ಚಹಾದ ಬಣ್ಣ ಬಂದಿದ್ದರೆ, ಪೆಟ್ರೋಲ್ ವಾಸನೆಯ ಬದಲು ಹಳೇ ವಾರ್ನಿಶ್ ವಾಸನೆ ಹೊಡೆದರೆ ಅದು ಕೆಟ್ಟಿದೆ. ಕೆಳಗೆ ಬೇರೆ ಪದರ ನಿಂತಿದ್ದರೆ ಅದು ನೀರು. ಎರಡು ವರ್ಷ ಆಗಿದೆಯಲ್ಲ, ಹೇಗೆ ಕಂಡರೂ ಎಲ್ಲವನ್ನೂ ತೆಗೆಸಿಬಿಡಿ. ಕೈಪಂಪು ಹಾಕಿ ಲೋಹದ ಡಬ್ಬಿಗೆ ತೆಗೆಯಲಿ. ಪೈಪು ಬಾಯಿಗಿಟ್ಟು ಎಳೆಯಲು ಯಾರಿಗೂ ಬಿಡಬೇಡಿ. ಹುಡುಗನಾಗಿದ್ದಾಗ ನಾನು ಹಾಗೆ ಎಳೆದು ಒಂದು ಗುಟುಕು ನುಂಗಿದ್ದೆ. ಎರಡು ದಿನ ತೇಗಿದರೂ ಪೆಟ್ರೋಲ್. ಹೊಟ್ಟೆಗೆ ಹೋಯಿತು, ಬಚಾವಾದೆ. ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ.

ಬಚ್ಚಲ ಒಲೆಯ ಮಾತು ಓದಿ ಎದೆ ಧಸಕ್ ಎಂದಿತು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಕಣ್ಣಿಗೆ ಕಾಣದೆ ನೆಲದ ಮೇಲೆ ಹರಿದು ಬೆಂಕಿಯನ್ನು ಹುಡುಕಿಕೊಂಡು ಹೋಗುತ್ತದೆ. ಸೋಗೆ, ಕರಟ ಹೊತ್ತಿಸಿದ ಹಾಗೆ ಅಲ್ಲ ಇದು. ತೋಟಕ್ಕೂ ಚೆಲ್ಲಬೇಡಿ. ನಮ್ಮ ಚಿರೆಕಲ್ಲಿನ ನೆಲ ಜರಡಿ ಇದ್ದ ಹಾಗೆ, ಇಂದು ಚೆಲ್ಲಿದ್ದು ನಾಳೆ ಬಾವಿಗೆ. ಲೀಟರಿಗೆ ನೂರು ರೂಪಾಯಿ ದಾಟಿದ ಮಾಲು, ಹೊಟ್ಟೆ ಉರಿಯುತ್ತದೆ, ನಿಜ. ಆದರೂ ಗ್ಯಾರೇಜಿನವರೇ ಮುಚ್ಚಳ ಬಿಗಿದ ಡಬ್ಬಿಯಲ್ಲಿ ಒಯ್ಯಲಿ. ಹಳೇ ಎಂಜಿನ್ ಆಯಿಲ್ ಡ್ರಮ್ಮಿಗೆ ಮಾತ್ರ ಬೆರೆಸಬಾರದು.

ಆಮೇಲೆ ಹೊಸ ಪೆಟ್ರೋಲ್ ಫಿಲ್ಟರ್, ಹೊಸ ಎಂಜಿನ್ ಆಯಿಲ್. ಬ್ಯಾಟರಿ ಸತ್ತಿರುತ್ತದೆ, ಅದರ ಆಸೆ ಬಿಡಿ. ಪೆಟ್ರೋಲ್ ಹೋಗುವ ರಬ್ಬರ್ ಪೈಪುಗಳನ್ನು ಬಗ್ಗಿಸಿ ನೋಡಲಿ, ಬಿರುಕು ಕಂಡರೆ ಬದಲಿಸಲಿ. ಏರ್ ಫಿಲ್ಟರ್ ಡಬ್ಬಿ ತೆರೆಯುವಾಗ ಹುಷಾರು, ಕೊಟ್ಟಿಗೆ ಕಾರಿನಲ್ಲಿ ಇಲಿ ಸಂಸಾರ ಇಲ್ಲದೇ ಇರುವುದು ಅಪರೂಪ. ಪ್ಲಗ್ ಬಿಚ್ಚಿ ಒಂದೊಂದು ಸಿಲಿಂಡರಿಗೂ ನಾಲ್ಕು ಹನಿ ಎಂಜಿನ್ ಆಯಿಲ್ ಬಿಟ್ಟು, ಎಂಜಿನ್ನನ್ನು ಕೈಯಲ್ಲಿ ಒಂದೆರಡು ಸುತ್ತು ತಿರುಗಿಸಿದ ಮೇಲೆಯೇ ಸ್ಟಾರ್ಟ್ ಮಾಡಲಿ. ಬ್ರೇಕ್, ಟೈರ್ ನೋಡದೆ ಮಗಳನ್ನು ರಸ್ತೆಗೆ ಬಿಡಬೇಡಿ. ನೂರು ಕಿಲೋಮೀಟರ್ ಆದ ಮೇಲೆ ಪೆಟ್ರೋಲ್ ಫಿಲ್ಟರನ್ನು ಇನ್ನೊಮ್ಮೆ ನೋಡಿಸಿ.

ಪ್ರಶ್ನೆ: ನಾನು ಕಾರವಾರದವನು, ಹಡಗಿನಲ್ಲಿ ಕೆಲಸ. ಆರು ತಿಂಗಳು ಮನೆಯಲ್ಲಿ ಇರುವುದಿಲ್ಲ. ಕಾರ್ಬ್ಯುರೇಟರ್ ಇರುವ ಹಳೇ ಬೈಕಿನ ಟ್ಯಾಂಕ್ ತುಂಬಿಸಿ ಹೋಗಲೋ, ಖಾಲಿ ಮಾಡಿ ಹೋಗಲೋ?

ಉತ್ತರ: ತಮ್ಮಾ, ಮನೆಯಲ್ಲಿ ವಾರಕ್ಕೊಮ್ಮೆ ಓಡಿಸುವವರು ಇದ್ದರೆ ತುಂಬಿಸಿ ಹೋಗು, ಅವರೇ ಖರ್ಚು ಮಾಡಿ ಮತ್ತೆ ಹಾಕಿಸಲಿ. ಯಾರೂ ಇಲ್ಲ ಅಂದರೆ ಟ್ಯಾಂಕ್ ಖಾಲಿ ಮಾಡಿ, ಒಳಗೆ ತುಕ್ಕು ಹಿಡಿಯದಂತೆ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟು ಗಾಡಿ ಅಲುಗಿಸು. ಕಾರ್ಬ್ಯುರೇಟರಿನ ಕೆಳಗಿನ ಸ್ಕ್ರೂ ಸಡಿಲಿಸಿ ಅದರಲ್ಲಿ ಉಳಿದದ್ದನ್ನೂ ಇಳಿಸು. ಅದರೊಳಗೆ ಪೆಟ್ರೋಲ್ ಹಾಯುವ ಸಣ್ಣ ಜೆಟ್ಟಿನ ತೂತು ಸೂಜಿ ಮೊನೆಯಷ್ಟು, ಒಂದು ಹನಿ ಒಣಗಿದರೂ ಮುಚ್ಚಿಹೋಗುತ್ತದೆ.