ಕೂಗಿದವರ ಪರವಾಗಿ

ಪತ್ರ: "ಬೆಂಗಳೂರಿನಲ್ಲಿ ಹವ್ಯಾಸಿ ತಂಡವೊಂದು ಆಡಿದ 'ಮಾಸ್ಟರ್ ಹೆರಾಲ್ಡ್ ಅಂಡ್ ದ ಬಾಯ್ಸ್' ನೋಡಿದೆ. ಬಿಳಿಯ ಹುಡುಗ ಹ್ಯಾಲಿ, ಕಪ್ಪು ವರ್ಣದ ಮಾಣಿ ಸ್ಯಾಮ್‌ನ ಮುಖಕ್ಕೆ ಉಗುಳುತ್ತಾನೆ. ಸ್ವಲ್ಪ ಹೊತ್ತಿಗೆ ಹಿಂದಿನ ಸಾಲಿನಿಂದ ಯಾರೋ 'ಬಾರಿಸು ಅವನಿಗೆ!' ಎಂದು ಕೂಗಿದರು. ಕೆಲವರು ನಕ್ಕರು. ಇಂಥ ಗಂಭೀರ ನಾಟಕಕ್ಕೆ ಬರುವವರಿಗೆ ಕನಿಷ್ಠ ಶಿಸ್ತು ಬೇಡವೇ?"
ಮೈಸೂರಿನ ಓದುಗರೊಬ್ಬರು

ಉತ್ತರ: ಶಿಸ್ತು ಬೇಕು ಸ್ವಾಮಿ, ಒಪ್ಪಿದೆ. ನಾಟಕದ ನಡುವೆ ಮೊಬೈಲ್ ಬಡಿದುಕೊಂಡರೆ ನನಗೂ ಮೈ ಉರಿಯುತ್ತದೆ. ನಕ್ಕವರನ್ನು ಬಿಡಿ, ಮುಜುಗರಕ್ಕೂ ನಗು ಬರುತ್ತದೆ. ಆದರೆ ಕೂಗಿದವರ ಮೇಲೆ ಯಾಕಿಷ್ಟು ಸಿಟ್ಟು?

ಆ ದೃಶ್ಯ ಇನ್ನೊಮ್ಮೆ ನೆನಪಿಸಿಕೊಳ್ಳಿ. ಕಪ್ಪು ಜನರನ್ನು ಕಾನೂನೇ ಕೀಳಾಗಿ ಕಾಣುತ್ತಿದ್ದ 1950ರ ದಕ್ಷಿಣ ಆಫ್ರಿಕಾ, ಮಳೆಯ ಮಧ್ಯಾಹ್ನ, ಗಿರಾಕಿಗಳಿಲ್ಲದ ಟೀ ಅಂಗಡಿ. ಉಗುಳಿಸಿಕೊಂಡ ಸ್ಯಾಮ್ ಜೊತೆಯ ಮಾಣಿ ವಿಲ್ಲಿಯನ್ನು ಕೇಳುತ್ತಾನೆ, ಇವನಿಗೆ ಹೊಡೀಲಾ ಅಂತ. ಬೇಡ ಅನ್ನುತ್ತಾನೆ ವಿಲ್ಲಿ. ನಿನಗೇ ಹೀಗೆ ಮಾಡಿದ್ದರೆ ಅಂದಾಗ, ಹೊಡೆಯಬೇಕು ಅನ್ನಿಸುತ್ತೆ, ಆದರೆ ಹಿಂದೆ ಹೋಗಿ ಅಳ್ತೀನೇನೋ ಅನ್ನುತ್ತಾನೆ. ರಂಗದ ಮೇಲಿಂದ ಪ್ರಶ್ನೆ ಬಂತು, ಹಿಂದಿನ ಸಾಲಿನವರು ಉತ್ತರ ಕೊಟ್ಟರು. ಅಷ್ಟೇ ಅಲ್ವಾ? ಈ ನಾಟಕ ಬರೆದ ಆಥಲ್ ಫ್ಯೂಗಾರ್ಡ್ ಚಿಕ್ಕವನಿದ್ದಾಗ ತಾಯಿಯ ಬಳಿ ಕೆಲಸಕ್ಕಿದ್ದ ಸ್ಯಾಮ್ ಎಂಬುವರ ಮುಖಕ್ಕೆ ನಿಜವಾಗಿಯೂ ಉಗುಳಿದ್ದವರು, ಅದನ್ನು ಮುಚ್ಚಿಡಲೂ ಇಲ್ಲ. ಅಂಥವರು ಬರೆದದ್ದನ್ನು ನಾವು ಕೈಕಟ್ಟಿ ಕೂತು ನೋಡಬೇಕು ಅಂದರೆ ಹೇಗೆ?

ಅದೇ ಫ್ಯೂಗಾರ್ಡ್, ಕಪ್ಪು ನಟರಾದ ಜಾನ್ ಕಾನಿ ಮತ್ತು ವಿನ್‌ಸ್ಟನ್ ನ್ಶೋನಾ ಸೇರಿ 1972ರಲ್ಲಿ ಕಟ್ಟಿದ ನಾಟಕ 'ಸಿಜ್ವೆ ಬಾನ್ಸಿ ಈಸ್ ಡೆಡ್'. ಕಪ್ಪು ಜನ ಎಲ್ಲಿರಬೇಕು, ಎಲ್ಲಿ ಕೆಲಸ ಮಾಡಬೇಕು ಅನ್ನುವುದನ್ನು ನಿರ್ಧರಿಸುತ್ತಿದ್ದ ಪಾಸ್‌ಬುಕ್ಕಿನ ಕತೆ. ಪೋರ್ಟ್ ಎಲಿಜಬೆತ್ ಪಕ್ಕದ ಕಪ್ಪು ಜನರ ಬಡಾವಣೆ ನ್ಯೂ ಬ್ರೈಟನ್‌ನಲ್ಲಿ, ಆ ಪಾಸ್‌ಬುಕ್ಕು ಜೇಬಲ್ಲೇ ಇಟ್ಟುಕೊಂಡಿದ್ದ ಜನರ ಮುಂದೆ ಇದನ್ನು ಆಡಿದಾಗ ಏನಾಯ್ತು ಗೊತ್ತಾ? ಕಾನಿ ಫೋರ್ಡ್ ಕಾರ್ಖಾನೆಯ ಸಾಹೇಬರನ್ನು ಗೇಲಿ ಮಾಡುವ ಭಾಗ ಮುಗಿಸಿದ್ದೇ ತಡ, ಪ್ರೇಕ್ಷಕನೊಬ್ಬ ರಂಗಕ್ಕೇ ನಡೆದು ಬಂದು, ಬಾಕ್ಸಿಂಗ್ ರೆಫರಿ ಥರ ಅವರ ಕೈ ಎತ್ತಿ ಹಿಡಿದು, ಕಾನಿ ಹೆನ್ರಿ ಫೋರ್ಡನ್ನು ನಾಕೌಟ್ ಮಾಡಿದ್ದಾನೆ ಅಂತ ಸಾರಿದ. ಮುಂದೆ ನಾಯಕ ಸಿಜ್ವೆ ಬದುಕಲಿಕ್ಕಾಗಿ ಸತ್ತವನೊಬ್ಬನ ಪಾಸ್‌ಬುಕ್ಕು ತಗೋಬೇಕೋ ಬೇಡವೋ ಎಂಬ ದೃಶ್ಯ ಬಂದಾಗ ಸಭಾಂಗಣದಲ್ಲೇ ಜಗಳ. ತಗೋ ಅಂತ ಒಬ್ಬರು, ಸಿಕ್ಕಿಬೀಳ್ತೀಯ ಅಂತ ಇನ್ನೊಬ್ಬರು. ನಟರು ನಿಂತು ಕೇಳಿಸಿಕೊಂಡರು. ಫ್ಯೂಗಾರ್ಡ್ ಇದನ್ನು ದೂರಿನ ಹಾಗೆ ಬರೆದಿಲ್ಲ, ಬೆರಗಿನಿಂದ ಬರೆದಿದ್ದಾರೆ. ಆ ಮಾತಿನ ಬೆಲೆ ಸರ್ಕಾರಕ್ಕೂ ಗೊತ್ತಿತ್ತು. 1976ರಲ್ಲಿ, ಕಪ್ಪು ಜನರಿಗೆಂದು ಸರ್ಕಾರ ಬೇರೆ ಮಾಡಿಟ್ಟಿದ್ದ ಪ್ರದೇಶ ಟ್ರಾನ್ಸ್‌ಕೈಯಲ್ಲಿ ಇದೇ ನಾಟಕ ಆಡಿದ್ದಕ್ಕೆ ಇಬ್ಬರು ನಟರನ್ನೂ ಹಿಡಿದು ಒಳಗೆ ಹಾಕಿದರು.

ಇನ್ನು 'ಶಿಸ್ತಿನ' ಪ್ರೇಕ್ಷಕರ ವಿಷಯ. 1987ರಲ್ಲಿ ಜೊಹಾನ್ಸ್‌ಬರ್ಗ್‌ನ ಮಾರ್ಕೆಟ್ ಥಿಯೇಟರ್‌ನಲ್ಲಿ ಕಾನಿ ಶೇಕ್ಸ್‌ಪಿಯರ್ ನಾಟಕದ ಒಥೆಲೊ ಆದರು. ಒಥೆಲೊನ ಹೆಂಡತಿ, ಬಿಳಿಯ ಡೆಸ್ಡಿಮೋನಾಳನ್ನು ಅವರು ಮುಟ್ಟಿದ್ದನ್ನು ನೋಡಲಾಗದೆ ಕೆಲವರು ಎದ್ದು ಹೋದರು. ನನಗೆ ಇವರಿಗಿಂತ ನಿಮ್ಮ ಹಿಂದಿನ ಸಾಲಿನವರೇ ವಾಸಿ.

ನಮ್ಮಲ್ಲೂ ಕಂಪನಿ ನಾಟಕಗಳಲ್ಲಿ ಜನ 'ಒನ್ಸ್ ಮೋರ್' ಕೂಗಿ ಹಾಡನ್ನು ಮತ್ತೆ ಹಾಡಿಸುತ್ತಿದ್ದರು. ಏಸಿ ಸಭಾಂಗಣಕ್ಕೆ ಬಂದ ಮೇಲೆ ನಾವು ಸಭ್ಯರಾದೆವು. ಜಾತಿಯ ಬಗ್ಗೆ ಖಾರವಾದ ನಾಟಕ ನೋಡುತ್ತೇವೆ, ಎದ್ದು ನಿಂತು ಚಪ್ಪಾಳೆ ಹೊಡೆಯುತ್ತೇವೆ, ಕಾಫಿ ಕುಡಿದು ಮನೆಗೆ ಹೋಗಿ ಬಾಡಿಗೆಗೆ ಬಂದವರ ಜಾತಿ ಕೇಳುತ್ತೇವೆ. ನಾಟಕದ ನಂತರದ 'ಸಂವಾದ'ದಲ್ಲಿ ಮುಖ್ಯ ಅತಿಥಿಗಳು ಮೈಕ್ ಹಿಡಿದರೆ ಬಿಡುವುದೇ ಇಲ್ಲ. ವಿಮರ್ಶೆ ಓದಿದರೆ ಬೆಳಕು ಹಿತವಾಗಿತ್ತಂತೆ, ರಂಗಸಜ್ಜಿಕೆ ಚೆನ್ನಾಗಿತ್ತಂತೆ. ಉಗುಳಿದ್ದು ಯಾರಿಗೆ ತಾಗಿತು ಅಂತ ಒಬ್ಬರೂ ಬರೆಯುವುದಿಲ್ಲ.

ನೀವು ಬರೆದಿರಿ, ಅದು ಸಂತೋಷ. ಆದರೆ ಒಂದು ವಿಷಯ ಬಿಟ್ಟುಬಿಟ್ಟಿದ್ದೀರಿ. ಆ ಕೂಗು ಬಿದ್ದಾಗ ಸ್ಯಾಮ್ ಪಾತ್ರಧಾರಿ ಏನು ಮಾಡಿದರು? ಹಿಂದಿನ ಸಾಲಿನ ಕಡೆ ನೋಡಿದರಾ, ಇಲ್ಲ ಮಾತು ಮುಂದುವರಿಸಿದರಾ? ನೆನಪಿದ್ದರೆ ಇನ್ನೊಂದು ಪತ್ರ ಹಾಕಿ.